ಕೋಷ್ಟಕ ಏಳು

ಬೀಳ್ಕೊಡುಗೆಯ ಬ್ಯಾನರಿನಲ್ಲಿ ಶಾಸ್ತ್ರ ಬಿಟ್ಟುಹೋಗಿತ್ತು:
‘ಅಪರಾಧ ಪ್ರಾಧ್ಯಾಪಕಿ ಡಾ. ಮಹಾನಂದಾ ಕೌಜಲಗಿ.’
ಹುಡುಗರು ನಕ್ಕರು, ನಾನೂ ನಕ್ಕೆ.
ಶಾಲು, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ.

ಮರುದಿನ ಭೂತರಾಮನಹಟ್ಟಿಯ ಗುಡ್ಡ ಹತ್ತಿ
ಕೋಣೆ ಖಾಲಿ ಮಾಡಿದೆ.
ಕ್ಯಾಸೆಟ್ಟುಗಳೇ ಮೂರು ಬಾಕ್ಸು:
ಹಿಂಡಲಗಾ ಒಂದು, ಹಿಂಡಲಗಾ ಎರಡು, ಕಾಗಲ ಠಾಣೆ,
ನಿಪ್ಪಾಣಿ ಠಾಣೆ, ಅಡಿವೆಪ್ಪ, ಅಡಿವೆಪ್ಪ, ಅಡಿವೆಪ್ಪ.

ಪಿಎಚ್.ಡಿ.ಗೆ ಗಡಿಯ ಆಚೆ ಈಚೆಯ ಪೊಲೀಸರನ್ನು ಹೋಲಿಸಿದ್ದೆ.
ಆಚೆ ಬೈಗುಳ ಮರಾಠಿ, ಈಚೆಯೂ ಅರ್ಧ ಮರಾಠಿಯೇ.
ಚಹಾ ಆಚೆ ಕೊಂಚ ಸಿಹಿ.
ಲಾಠಿಯ ಉದ್ದ ಅಳೆಯಲು ಟೇಪು ಒಯ್ದಾಗ
ಫೌಜದಾರರು ಎದ್ದು ಬಂದು ತಾವೇ ಒಂದು ತುದಿ ಹಿಡಿದರು.
ಆಮೇಲೆ ಲೀಡ್ಸ್‌ನ ಸಮ್ಮೇಳನದಲ್ಲಿ
ಕಳ್ಳರು ಸುಧಾರಿಸುವಲ್ಲಿ ಧರ್ಮದ ಪಾತ್ರವೇನು ಅಂತ ಕೇಳಿದರು,
ಹನ್ನೆರಡು ಸ್ಲೈಡು ತೋರಿಸಿದೆ. ಚಪ್ಪಾಳೆ ಬಿತ್ತು.

ಕಳವು ಬಿಡುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ.
ಅದನ್ನು ಕನ್ನಡಕ್ಕೆ ತರಲು ಎರಡು ವರ್ಷ ಒದ್ದಾಡಿದೆ.
ವಿರತಿ ಅಂದರೆ ಸ್ವಾಮಿಗಳು ನೆನಪಾಗುತ್ತಾರೆ.
ನಿವೃತ್ತಿ ಅಂದರೆ ಪೆನ್ಶನ್ನು.
ಅಡಿವೆಪ್ಪನನ್ನೇ ಕೇಳಿದೆ, ಟೇಪು ತಿರುಗುತ್ತಿತ್ತು.
‘ನಾ ಬಿಟ್ಟಿಲ್ರೀ ಅಕ್ಕಾರ. ಉದುರಿತು.
ಹಾಲಹಲ್ಲು ಯಾವ ದಿವ್ಸ ಉದುರಿತಂತ ಯಾರರ ಬರದಿಟ್ಟಾರೇನು?
ನಾಲಿಗಿ ಮಾತ್ರ ಆ ಸಂದ್ಯಾಗ ಹೋಗತಿರತೈತಿ.’

ಹನ್ನೊಂದು ಮನೆಗಳವು, ಆರು ವರ್ಷ ಒಳಗೆ.
ಹೊರಗೆ ಬಂದಮೇಲೆ ಕ್ಯಾಂಪಿನ ಕಡೆಯ ದರ್ಗಾದ ಬಾಗಿಲಲ್ಲಿ
ಚಪ್ಪಲಿ ಕಾಯುವ ಕೆಲಸ. ಕೊಡಿಸಿದವನು ಹವಾಲ್ದಾರ ದಸ್ತಗೀರ.
ಹಿಂದೆ ಇವನ ಅಂಗಾಲು ಒಡೆದವನೂ ಅವನೇ.
ಸೋಮವಾರ ಠಾಣೆಯಲ್ಲಿ ಸಹಿ, ಗುರುವಾರ ದರ್ಗಾದಲ್ಲಿ ಗದ್ದಲ.
ಪೀರನು ಬದಲಾಯಿಸಿದನೋ ಪೊಲೀಸನೋ
ಎಂಬುದು ನನ್ನ ಇಪ್ಪತ್ತಮೂರನೇ ಪ್ರಶ್ನೆ.
‘ನಾ ಒಳಗ ಹೋದಾವ ಅಲ್ಲರೀ, ನನಗ ಚಪ್ಪಲಿ ಅಷ್ಟ ಗೊತ್ತು.
ಹಿಮ್ಮಡ ಸವದಿದ್ದು ನೋಡಿದ್ರ ಸಾಕು,
ಯಾರ ಮನ್ಯಾಗ ಏನೈತಿ ಹೇಳ್ತೀನಿ.
ಮೊದಲ ಅದು ಕಸಬಿಗೆ ಬೇಕಾಗಿತ್ತು.’

ಒಂಬತ್ತನೇ ಕ್ಯಾಸೆಟ್ಟಿನ ಹಿಂಬದಿ.
ಟೆಂಪೋ ಹೋಗುತ್ತದೆ, ಅಗರಬತ್ತಿ ಮಾರುವವಳು ಕೂಗುತ್ತಾಳೆ,
ಆಮೇಲೆ ಅವನ ದನಿ, ಇಳಿದು:
‘ಒಂದ ಜೋಡ ತಗೊಂಡಿನ್ರೀ. ಸಣ್ಣವು. ಕೆಂಪನ್ನೂವು, ಗೆಜ್ಜಿ ಇದ್ದೂವು.
ಮಗಳ ಕಾಲಿಗೆ ಹಾಕಿ ನೋಡಿದ್ನಿ, ಬಿಗಿ ಆದೂವು.
ಮರುದಿವ್ಸ ತಂದು ಅಲ್ಲೇ ಇಟ್ಟೀನಿ. ಆ ಕೂಸು ತಿರುಗಿ ಬರಲೇ ಇಲ್ಲ.’
ನಂತರ ಸುಮಾರು ಒಂದು ನಿಮಿಷ ಬರಿಯ ಸರ್ರೆನ್ನುವ ಸದ್ದು.
ಆ ನಿಮಿಷದಲ್ಲಿ ನಾನೇನು ಮಾಡಿದೆ ಎಂಬುದು ನೆನಪಿದೆ:
ಪೆನ್ನಿಗೆ ಟೊಪ್ಪಿಗೆ ಹಾಕಿದೆ.

ಕೋಷ್ಟಕ ಏಳು. ಬಿಡುಗಡೆಯ ನಂತರದ ಅಪರಾಧಗಳು.
ಅಡಿವೆಪ್ಪನ ಸಾಲು, ಕೊನೆಯ ಕಾಲಮ್ಮು: ಸೊನ್ನೆ.
ದಸ್ತಗೀರನಿಗೆ ಗೊತ್ತಾದರೆ ಆ ಬಾಗಿಲು ಹೋಗುತ್ತಿತ್ತು, ಅದೊಂದು ಕಾರಣ.
ಸೊನ್ನೆಯಿದ್ದರೆ ಪ್ರಬಂಧ ಚೆಂದ ಕಾಣುತ್ತಿತ್ತು, ಅದೂ ಒಂದು.
ಯಾವುದು ಮೊದಲು ಬಂತು ಅಂತ
ನನ್ನ ಮುಂದೆ ಯಾರೂ ಟೇಪು ಇಟ್ಟು ಕೇಳಲಿಲ್ಲ.
ನೂರಾ ಹದಿನಾಲ್ಕು ಜನ ಆ ಸೊನ್ನೆಯನ್ನು ಉಲ್ಲೇಖಿಸಿದ್ದಾರೆ.

ಸಂಜೆ ಗಡಿಯಾರ ತೊಡೆಯ ಮೇಲಿಟ್ಟುಕೊಂಡು
ರಿಕ್ಷಾದಲ್ಲಿ ದರ್ಗಾಕ್ಕೆ ಹೋದೆ.
ಅಡಿವೆಪ್ಪ ಮುದುಕನಾಗಿದ್ದ, ಮುಂದಿನ ನಾಲ್ಕು ಹಲ್ಲಿರಲಿಲ್ಲ.
ಆ ಕೆಂಪು ಜೋಡು ಮೊಳೆಗೆ ತೂಗುತ್ತಿತ್ತು, ಗೆಜ್ಜೆ ಕರ್ರಗಾಗಿ.
ನನ್ನ ಚಪ್ಪಲಿ ತಿರುಗಿಸಿ ಹಿಮ್ಮಡ ನೋಡಿದ.
ಏನು ಕಂಡಿತೋ ಹೇಳಲಿಲ್ಲ, ನಾನೂ ಕೇಳಲಿಲ್ಲ.
ತಗಡಿನ ಬಿಲ್ಲೆ ಕೊಟ್ಟ, ಎಪ್ಪತ್ತೊಂದು.
‘ಗಡ್ಯಾರ ಒಳಗ ಒಯ್ಯಬ್ಯಾಡ್ರಿ, ಇಲ್ಲೇ ಇಡ್ರಿ.
ಸೆಲ್ ಹಾಕಿಲ್ಲೇನು ಇದಕ್ಕ?’